ಕಣ್ಣು ಮಬ್ಬಾಯಿತು, ಗಾಡಿಮನೆ ಬಿಡಬೇಕಾ?

ಈ ಸಲದ ಪ್ರಶ್ನೋತ್ತರಕ್ಕೆ ಕಣ್ಣಿನ ಬಗ್ಗೆ ಬಂದ ಪತ್ರಗಳನ್ನೇ ಆರಿಸಿದ್ದೇವೆ. ಎಲ್ಲವೂ ಗಾಡಿಯಲ್ಲೇ ಬದುಕುವವರು, ಇಲ್ಲವೇ ಗಾಡಿಯಲ್ಲೇ ಜಾಸ್ತಿ ದಿನ ಕಳೆಯುವವರು ಬರೆದದ್ದು. ಹೆಸರು ಯಾರದೂ ಹಾಕಿಲ್ಲ.

ಪ್ರಶ್ನೆ: ನನಗೆ 63 ವರ್ಷ. ರಿಟೈರ್ ಆದ ಮೇಲೆ ಮನೆ ಬಾಡಿಗೆಗೆ ಕೊಟ್ಟು, ಒಂದು ಟ್ರಾವೆಲರ್ ಗಾಡಿಯನ್ನು ಮೋಟರ್‌ಹೋಮ್ ಮಾಡಿಸಿಕೊಂಡು ನಾನೂ ನನ್ನ ಹೆಂಡತಿಯೂ ಅದರಲ್ಲೇ ಇದ್ದೇವೆ. ಶುಗರ್ ಹಳೇದು, ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಹೋದ ತಿಂಗಳು ಬಲಗಣ್ಣಿನಲ್ಲಿ ಮೊದಲು ಜೇಡರ ಬಲೆ ತೇಲಿದ ಹಾಗಾಯಿತು, ಸಂಜೆಯೊಳಗೆ ಹೊಗೆ ತುಂಬಿಕೊಂಡಿತು. ಕಣ್ಣೊಳಗೆ ರಕ್ತ ಸೋರಿದೆ, ಸ್ಕ್ಯಾನ್‌ನಲ್ಲಿ ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ಕಳಚಿಲ್ಲ, ಎರಡು ಮೂರು ತಿಂಗಳು ಕಾಯೋಣ, ಕರಗದಿದ್ದರೆ ಆಪರೇಷನ್ ಅಂದಿದ್ದಾರೆ ಡಾಕ್ಟರು. ಎಡಗಣ್ಣು ಚಿಕ್ಕಂದಿನಿಂದಲೂ ಅಷ್ಟಕ್ಕಷ್ಟೇ, ಬೆಳಕು, ನೆರಳು ಮಾತ್ರ ಗೊತ್ತಾಗುತ್ತದೆ. ಗಾಡಿ ಈಗ ಕೆಂಗೇರಿ ಹತ್ತಿರ ನನ್ನ ಷಡ್ಡಕನ ಖಾಲಿ ಸೈಟಿನಲ್ಲಿ ನಿಂತಿದೆ. ಮಗ ವೈಟ್‌ಫೀಲ್ಡ್‌ನಲ್ಲಿದ್ದಾನೆ. ಗಾಡಿ ಮಾರಿ, ನಮ್ಮ ಫ್ಲ್ಯಾಟಿಗೆ ಬನ್ನಿ ಅಂತ ದಿನಾ ಫೋನು. ಏನು ಮಾಡಲಿ? (ಇದನ್ನು ನಾನು ಹೇಳುತ್ತಿದ್ದೇನೆ, ಷಡ್ಡಕನ ಮಗಳು ಬರೆಯುತ್ತಿದ್ದಾಳೆ.)

ಉತ್ತರ: ಸಾರ್, ಮಾರಬೇಡಿ. ಕಾಣದೆ ಇರುವಾಗ ತೆಗೆದುಕೊಳ್ಳುವ ತೀರ್ಮಾನ ಅಲ್ಲ ಅದು. ರಕ್ತ ತಾನಾಗಿ ಕರಗಬಹುದು. ಕರಗದಿದ್ದರೆ ವಿಟ್ರೆಕ್ಟಮಿ, ಅಂದರೆ ಕಣ್ಣೊಳಗಿನ ಲೋಳೆಯನ್ನು ರಕ್ತದ ಸಮೇತ ತೆಗೆಯುವ ಆಪರೇಷನ್, ಮಾಡುತ್ತಾರೆ. ಆಮೇಲೂ ಮಾರಬೇಕು ಅನ್ನಿಸಿದರೆ ಆಗ ಮಾರಿ. ಸದ್ಯಕ್ಕೆ ಗಾಡಿಯಲ್ಲೇ ಇರಬಹುದು, ಆದರೆ ಗಾಡಿ ಓಡಬಾರದು. ನಮ್ಮ ಉತ್ತರ ಇಷ್ಟೇ.

ನಿಮ್ಮ ಮಗನ ಕಾಳಜಿ ಸರಿ, ಲೆಕ್ಕ ತಪ್ಪು. ಕಣ್ಣು ಕಾಣದವರಿಗೆ ದೊಡ್ಡ ಮನೆಗಿಂತ ಗೊತ್ತಿರುವ ಮನೆ ಮೇಲು. ಮೂರು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವ ದಾರಿಯನ್ನು ನೀವು ಮೊದಲಿಂದ ಕಲಿಯಬೇಕು, ಅಲ್ಲಿ ಟೀಪಾಯಿ ಇರುತ್ತದೆ, ಮೊಮ್ಮಕ್ಕಳ ಸೈಕಲ್ ಇರುತ್ತದೆ, ಅದು ದಿನಾ ಒಂದೊಂದು ಕಡೆ ಇರುತ್ತದೆ. ನಿಮ್ಮ ಗಾಡಿಯಲ್ಲಿ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತದೆ. ಯಾವ ಖಾನೆಯಲ್ಲಿ ಏನಿದೆ ಅಂತ ಮಾಡಿಸಿದವರೇ ನೀವು. ಯಾರಾದರೂ ಮೆಟ್ಟಿಲ ಮೇಲೆ ಕಾಲಿಟ್ಟರೆ ಗಾಡಿ ಸ್ವಲ್ಪ ವಾಲುತ್ತದೆ, ಯಾರೋ ಬಂದರು ಅಂತ ನೋಡದೇ ಗೊತ್ತಾಗುತ್ತದೆ. ಈ ಅನುಕೂಲ ಯಾವ ಅಪಾರ್ಟ್‌ಮೆಂಟಿನಲ್ಲೂ ಇಲ್ಲ.

ಕಷ್ಟ ಶುರುವಾಗುವುದು ಬಾಗಿಲಾಚೆ. ಹೊಸ ಜಾಗಕ್ಕೆ ಹೋದಾಗಲೆಲ್ಲ ಮೆಟ್ಟಿಲ ಕೆಳಗಿನ ನೆಲದ ಎತ್ತರ ಬೇರೆ, ಚರಂಡಿ ಬೇರೆ ಕಡೆ, ನಾಯಿಯೂ ಬೇರೆ. ಅದಕ್ಕೇ ಓಡಬಾರದು ಅಂದದ್ದು. ಷಡ್ಡಕರ ಸೈಟಿನಲ್ಲಿ ಗಾಡಿಯ ಮುಖ ಈಗ ಯಾವ ಕಡೆ ಇದೆಯೋ ಹಾಗೇ ಇರಲಿ. ಟೈರಿಗೆ, ಬ್ಯಾಟರಿಗೆ ಒಳ್ಳೆಯದು ಅಂತ ಯಾರಾದರೂ ಸ್ವಲ್ಪ ಹಿಂದೆ ಮುಂದೆ ಮಾಡಿದರೂ ತಿರುಗಿ ಅದೇ ಗುರುತಿಗೆ ತಂದು ನಿಲ್ಲಿಸಲಿ. ಬಾಗಿಲ ಹಿಡಿಯಿಂದ ನಲ್ಲಿಯವರೆಗೆ ಸೊಂಟದ ಎತ್ತರಕ್ಕೆ ಒಂದು ನೈಲಾನ್ ಹಗ್ಗ ಕಟ್ಟಿಸಿ, ಅದನ್ನು ಹಿಡಿದುಕೊಂಡು ಹೋಗಿ ಬರಬಹುದು. ಬಟ್ಟೆ ಒಣಗಿಸುವ ಹಗ್ಗವನ್ನು ಮಾತ್ರ ಆ ಕಡೆ ಕಟ್ಟಲೇಬೇಡಿ, ಅದು ಬರುವುದು ಸರಿಯಾಗಿ ಕುತ್ತಿಗೆಗೆ.

ಗಾಡಿಯ ಮಡಚುವ ಮೆಟ್ಟಿಲು ಎಲ್ಲರನ್ನೂ ಬೀಳಿಸುವ ಜಾಗ. ಅದರ ಅಂಚಿಗೆ ದಪ್ಪ ಹಳದಿ ಟೇಪು ಅಂಟಿಸಿ, ಎಡಗಣ್ಣಿನ ಆ ಒಂದಿಷ್ಟು ಬೆಳಕಿಗೂ ಅದು ಸಿಗಬಹುದು. ಇಳಿಯುವಾಗ ಏಣಿ ಇಳಿಯುವ ಹಾಗೆ ಹಿಂದು ಮುಂದಾಗಿ, ಹಿಡಿಯನ್ನು ಹಿಡಿದುಕೊಂಡು ಇಳಿಯಿರಿ. ನೋಡುವವರು ನಗಲಿ ಬಿಡಿ.

ಒಳಗೆ ಒಂದೇ ಕಾನೂನು. ತಲೆ ಮೇಲಿನ ಕಬೋರ್ಡಿನ ಬಾಗಿಲು ಪೂರ್ತಿ ಮುಚ್ಚಿರಬೇಕು, ಇಲ್ಲಾ ಪೂರ್ತಿ ತೆರೆದಿರಬೇಕು. ಅರ್ಧ ತೆರೆದ ಬಾಗಿಲು ಹಣೆಗೆ ಹೊಡೆಯುತ್ತದೆ, ಕೆಲವು ಸಲ ಕಣ್ಣಿಗೇ. ಚಪ್ಪಲಿ, ಚಾರ್ಜರ್ ವೈರು, ನೀರಿನ ಕ್ಯಾನು ನಡೆಯುವ ದಾರಿಯಲ್ಲಿ ಬೇಡ. ತೆಗೆದ ವಸ್ತು ತೆಗೆದ ಕಡೆಯೇ ಹೋಗಬೇಕು, ಇದು ನಿಮಗಿಂತ ಜಾಸ್ತಿ ನಿಮ್ಮ ಮನೆಯವರಿಗೂ ಬಂದುಹೋಗುವ ನೆಂಟರಿಗೂ ಹೇಳಿದ ಮಾತು. ಸಹಾಯ ಮಾಡೋಣ ಅಂತ ಬಂದವರೇ ಎಲ್ಲ ಜೋಡಿಸಿಟ್ಟು ಹೋಗುತ್ತಾರೆ, ಆಮೇಲೆ ಸಕ್ಕರೆ ಡಬ್ಬಿ ಹುಡುಕುತ್ತಾ ಅರ್ಧ ದಿನ!

ಅಡುಗೆಗೆ ಇಂಡಕ್ಷನ್ ಸ್ಟವ್ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಬೆಂಕಿ ಇಲ್ಲ ಅಂತ. ಆದರೆ ಅಂಗಡಿಯಲ್ಲಿ ಸಿಗುವ ಬಹಳಷ್ಟು ಇಂಡಕ್ಷನ್ ಸ್ಟವ್‌ಗಳಲ್ಲಿ ಟಚ್ ಬಟನ್ ಇರುತ್ತದೆ. ನುಣ್ಣಗಿನ ಗಾಜು, ಬೆರಳಿಗೆ ಏನೂ ಸಿಗುವುದಿಲ್ಲ, ತಡಕಾಡಿದರೆ ಬೇರೇನೋ ಒತ್ತಿಹೋಗುತ್ತದೆ. ತಿರುಗಿಸುವ ನಾಬ್ ಇರುವುದು, ಇಲ್ಲಾ ಒತ್ತಿದರೆ ಒಳಗೆ ಹೋಗುವ ಬಟನ್ ಇರುವುದು ತೆಗೆದುಕೊಳ್ಳಿ. ಆನ್ ಮಾಡುವ ಬಟನ್ ಪಕ್ಕ ನಿಮ್ಮ ಮನೆಯವರ ಸ್ಟಿಕ್ಕರ್ ಬಿಂದಿ ಒಂದು ಅಂಟಿಸಿ. ಕಲ್ಲಿರುವ ಬಿಂದಿಯಾದರೆ ಇನ್ನೂ ಒಳ್ಳೆಯದು, ಬೆರಳಿಗೆ ಚೆನ್ನಾಗಿ ಸಿಗುತ್ತದೆ. ನೀರಿನ ಪಂಪಿನ ಸ್ವಿಚ್ಚಿಗೆ ಒಂದು, ಇನ್ವರ್ಟರಿಗೆ ಎರಡು, ಹೀಗೆ.

ಗ್ಯಾಸ್ ಸಿಲಿಂಡರ್ ಇಟ್ಟುಕೊಂಡಿದ್ದರೆ ಕೆಲಸ ಮುಗಿದ ತಕ್ಷಣ ರೆಗ್ಯುಲೇಟರಿನಲ್ಲೇ ಆಫ್ ಮಾಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಗಾಡಿಯ ಒಳಗೆ ಅದಕ್ಕೆ ಹೋಗಲು ಜಾಗವೂ ಕಡಿಮೆ. ಹಾಗಾಗಿ ಅಲಾರಂ ಇಡುವುದಾದರೆ ಕೆಳಗೆ, ಪಾದದ ಹತ್ತಿರ ಇಡಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು ತೆಗೆದು ಇಳಿದುಬಿಡಿ.

ಇನ್ನೊಂದು, ಇದು ಕೇಳೋಕೆ ತಮಾಷೆ, ಆದರೆ ಆಗಿರುವ ಅನಾಹುತ. ಕಣ್ಣಿನ ಡ್ರಾಪ್ಸ್ ಅಂದುಕೊಂಡು ಫೆವಿಕ್ವಿಕ್ ಥರದ ಅಂಟನ್ನು ಕಣ್ಣಿಗೆ ಬಿಟ್ಟುಕೊಂಡವರಿದ್ದಾರೆ. ಗಾಡಿ ಇಟ್ಟುಕೊಂಡವರ ಡ್ರಾಯರಿನಲ್ಲಿ ಅಂಟು, ಗ್ರೀಸು, ಔಷಧಿ ಎಲ್ಲ ಒಟ್ಟಿಗೇ ಇರುತ್ತದೆ, ಅಲ್ವಾ? ಇವತ್ತೇ ಬೇರೆ ಮಾಡಿಸಿ. ಟಾಯ್ಲೆಟ್ಟಿನ ಕೆಮಿಕಲ್, ಫಿನಾಯಿಲ್, ಬ್ರೇಕ್ ಆಯಿಲ್ ಯಾವುದೂ ಕುಡಿಯುವ ನೀರಿನ ಬಾಟಲಿಯಲ್ಲಿ ಇರಬಾರದು. ಅವು ಹೊರಗಿನ ಡಿಕ್ಕಿಯಲ್ಲಿ ಇರಲಿ. ಬೆಳಗಿನ ಮಾತ್ರೆಯ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ರಾತ್ರಿಯದಕ್ಕೆ ಎರಡು.

ಇನ್ಸುಲಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಹಳಷ್ಟು ಪೆನ್‌ಗಳಲ್ಲಿ ತಿರುಗಿಸಿದಾಗ ಒಂದು ಟಿಕ್ಕಿಗೆ ಒಂದು ಯೂನಿಟ್, ಎಣಿಸಬಹುದು. ಆದರೂ ಚುಚ್ಚಿಕೊಳ್ಳುವ ಮೊದಲು ಕಣ್ಣಿರುವವರು ಒಬ್ಬರು ಅಂಕಿ ನೋಡಲಿ. ಟಿಕ್ಕಿನ ಲೆಕ್ಕವನ್ನೇ ನಂಬಿ ಕೂರಬೇಡಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಬಳಸುತ್ತಿರುವ ಪೆನ್ನನ್ನು 30 ಡಿಗ್ರಿ ದಾಟದ ಹಾಗೆ ಸುಮಾರು ನಾಲ್ಕು ವಾರ ಹೊರಗಿಡಬಹುದು. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ನಿಂತ ಗಾಡಿಯ ಒಳಗೆ 30 ಡಿಗ್ರಿ ಯಾವ ಮೂಲೆಗೆ? ಗಾಡಿಯ ಫ್ರಿಜ್ ನಂಬದಿದ್ದರೆ ಷಡ್ಡಕರ ಮನೆಯ ಫ್ರಿಜ್ಜಿನಲ್ಲಿಡಿ. ಶುಗರ್ ಇಳಿದರೆ ತಕ್ಷಣ ಕೈಗೆ ಸಿಗುವ ಹಾಗೆ ಹಾಸಿಗೆ ಪಕ್ಕ ಒಂದೇ ಜಾಗದಲ್ಲಿ ಗ್ಲೂಕೋಸ್ ಪುಡಿ ಇರಲಿ.

ಊಟದ ತಟ್ಟೆ ಬಣ್ಣದ್ದಾಗಲಿ. ಬಿಳಿ ತಟ್ಟೆಯಲ್ಲಿ ಅನ್ನ, ಮೇಲೆ ಮಜ್ಜಿಗೆ ಹಾಕಿದರೆ ಏನೂ ಕಾಣುವುದಿಲ್ಲ. ಬಾಳೆ ಎಲೆ ಸಿಕ್ಕರೆ ಅದೇ ಸೈ.

ಮಲಗುವಾಗ ದಿಂಬು ಎರಡು ಹಾಕಿ ತಲೆ ಎತ್ತರದಲ್ಲಿಡಿ, ರಕ್ತ ಕೆಳಗೆ ಇಳಿದು ನಡುವಿನ ದೃಷ್ಟಿ ಬೇಗ ತಿಳಿಯಾಗಲು ಅನುಕೂಲ. ಇಪ್ಪತ್ತು ಲೀಟರಿನ ಕ್ಯಾನು, ಸಿಲಿಂಡರು ಎತ್ತಬೇಡಿ. ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಕಣ್ಣಲ್ಲಿ ಹೊಸದಾಗಿ ಮಿಂಚು ಹೊಡೆದರೆ, ಪಕ್ಕದಿಂದ ಕಪ್ಪು ಪರದೆ ಸರಿದು ಬಂದರೆ, ನೋವು ಶುರುವಾದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ಹೋಗಿ. ಯಾವ ಆಸ್ಪತ್ರೆ ಅಂತ ನೀವು ಬರೆದಿಲ್ಲ. ಸರ್ಕಾರಿ ಆಸ್ಪತ್ರೆ ಬೇಕಾದರೆ 1896ರಲ್ಲಿ ಶುರುವಾದ ಮಿಂಟೋ ಕಣ್ಣಾಸ್ಪತ್ರೆ ಇದೆ. ಕೆಂಗೇರಿಯಿಂದ ನೇರಳೆ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಹತ್ತಿರ. ಸ್ಟೇಷನ್ನಿನಲ್ಲಿ ಹಳದಿ ಉಬ್ಬು ಟೈಲ್ಸ್ ಕಾಲಿಗೆ ಗೊತ್ತಾಗುತ್ತದೆ. ಜೊತೆಗೆ ಒಬ್ಬರಿರಲಿ.

ದುಡ್ಡು ಎಣಿಸುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ಬೇಗ ಬೇಜಾರು ತರಿಸುವ ವಿಷಯ ಅದೇ. ಈಗಿನ 100ರ ನೋಟು 142 ಮಿ.ಮೀ. ಉದ್ದ, 200ರದ್ದು 146, 500ರದ್ದು 150. ಅಗಲ ಮೂರಕ್ಕೂ ಒಂದೇ. ಒಂದರ ಮೇಲೊಂದು ಇಟ್ಟು ಉದ್ದ ನೋಡಿ ಬೇರೆ ಮಾಡಬಹುದು. ಎರಡು ಪಕ್ಕದ ಅಂಚಿನಲ್ಲಿ ಉಬ್ಬಿದ ಓರೆ ಗೆರೆಗಳಿವೆ, 100ಕ್ಕೆ ನಾಲ್ಕು, 500ಕ್ಕೆ ಐದು. ಸವೆದ ನೋಟಿನಲ್ಲಿ ಗೆರೆ ಸಿಗುವುದಿಲ್ಲ. ಅದಕ್ಕೆ ರಿಸರ್ವ್ ಬ್ಯಾಂಕಿನ ಮಣಿ ಅನ್ನುವ ಆ್ಯಪ್ ಇದೆ, 2020ರ ಜನವರಿಯಲ್ಲಿ ಬಂದದ್ದು, ಇಂಟರ್‌ನೆಟ್ ಇಲ್ಲದೆಯೂ ನೋಟು ನೋಡಿ ಎಷ್ಟರದು ಅಂತ ಹೇಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿಸಿಕೊಂಡರೆ ಫೋನೇ ಓದಿ ಹೇಳುತ್ತದೆ, ಕನ್ನಡದಲ್ಲೂ. ಮೊದಲ ದಿನ ತಲೆ ಕೆಡುತ್ತದೆ, ಬಿಡಬೇಡಿ. ಎಚ್‌ಎಸ್‌ಆರ್ ಲೇಔಟಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಕಣ್ಣು ಕಾಣದವರಿಗೆ ಇದನ್ನೆಲ್ಲ ಕಲಿಸುತ್ತವೆ, ಕೇಳುವ ಪುಸ್ತಕವೂ ಅಲ್ಲಿ ಇದೆ. ನನ್ನದು ತಾತ್ಕಾಲಿಕ, ನಾನ್ಯಾಕೆ ಬಿಳಿ ಕೋಲು ಹಿಡಿಯಲಿ ಅನ್ನಬೇಡಿ. ಕೋಲು ನಿಮಗೆ ದಾರಿ ತೋರಿಸುವುದಕ್ಕಷ್ಟೇ ಅಲ್ಲ, ಎದುರಿನ ಬೈಕಿನವನಿಗೆ ವಿಷಯ ತಿಳಿಸುವುದಕ್ಕೂ ಬೇಕು. ಬೆಂಗಳೂರಿನ ಫುಟ್‌ಪಾತ್ ಮೇಲೆ ಬೈಕ್ ಬರುವುದು ನಿಮಗೆ ಗೊತ್ತೇ ಇದೆ.

ಫ್ಲ್ಯಾಟಿಗೆ ಹೋಗಲೇಬೇಕಾದ ಸಂದರ್ಭ ಒಂದೇ, ನಿಮ್ಮ ಮನೆಯವರಿಗೆ ನಿದ್ದೆ ಇಲ್ಲದಂತಾದರೆ. ಯಾಕೆ ಹೀಗಂದೆವು ಅಂತ ಮುಂದಿನ ಪತ್ರ ಓದಿದರೆ ತಿಳಿಯುತ್ತದೆ.

ಪ್ರಶ್ನೆ: ಕೆಂಗೇರಿಯಿಂದ ನಮ್ಮವರೂ ನಿಮಗೆ ಬರೆಸಿದ್ದಾರಂತೆ, ಆಮೇಲೆ ಗೊತ್ತಾಯಿತು. ಅವರು ಬರೆಸದೇ ಬಿಟ್ಟಿದ್ದನ್ನು ನಾನು ಬರೆಯುತ್ತಿದ್ದೇನೆ. ಸುಮಾರು ದಿನದಿಂದ ಅವರಿಗೆ ಏನೇನೋ ಕಾಣುತ್ತದೆ. ಗಾಡಿಯ ಗೋಡೆ ತುಂಬ ಎಳೆ ರಂಗೋಲಿ ಇದೆ ಅಂತಾರೆ. ಒಮ್ಮೆ ಕಿಟಕಿ ಪಕ್ಕ ಕೆಂಪು ಪೇಟ ಸುತ್ತಿದವರು ಸಾಲಾಗಿ ಕೂತಿದ್ದಾರೆ ಅಂದರು. ನಕ್ಕುಕೊಂಡೇ ಹೇಳಿದರು, ನನಗೆ ಮಾತ್ರ ರಾತ್ರಿಯೆಲ್ಲ ನಿದ್ದೆ ಇಲ್ಲ. ಪಕ್ಕದ ಮನೆಯವರು ಗಾಳಿ ಸೋಕಿದೆ, ತಾಯಿತ ಕಟ್ಟಿಸಿ ಅಂತಿದ್ದಾರೆ. ಮಗನಿಗೆ ಹೇಳಿದರೆ ಅಪ್ಪನಿಗೆ ತಲೆ ಕೆಟ್ಟಿತು ಅಂದುಕೊಳ್ಳುತ್ತಾನೆ. ನಿಮ್ಮ ಪತ್ರಿಕೆಯನ್ನು ಅವರಿಗೆ ಓದಿ ಹೇಳುವುದು ನಾನೇ, ಇದೊಂದನ್ನು ಬಿಟ್ಟು ಓದುತ್ತೇನೆ.

ಉತ್ತರ: ಬಿಡಬೇಡಿ ಅಮ್ಮ, ಇದನ್ನೂ ಓದಿ ಹೇಳಿ. ನಿಮ್ಮವರಿಗೆ ಹುಚ್ಚೂ ಇಲ್ಲ, ಗಾಳಿಯೂ ಇಲ್ಲ. ಕಣ್ಣಿನಿಂದ ಚಿತ್ರ ಬರುವುದು ನಿಂತಾಗ ಮೆದುಳು ಸುಮ್ನೆ ಕೂರುವುದಿಲ್ಲ, ತಾನೇ ಚಿತ್ರ ಕಟ್ಟುತ್ತದೆ. ಬಲೆ ಬಲೆಯಂಥ ವಿನ್ಯಾಸ, ಇಟ್ಟಿಗೆ ಗೋಡೆ, ಹಳೇ ಕಾಲದ ಬಟ್ಟೆ ಹಾಕಿದ ಜನ, ಪುಟ್ಟ ಪುಟ್ಟ ಮನುಷ್ಯರು, ಹೀಗೆ. ಜಿನೀವಾದ ಚಾರ್ಲ್ಸ್ ಬಾನೆ ಎನ್ನುವವರು ತಮ್ಮ ಅಜ್ಜನಿಗೆ ಹೀಗಾಗುವುದನ್ನು ನೋಡಿ 1760ರಲ್ಲೇ ಬರೆದಿಟ್ಟರು. ಅವರ ಹೆಸರಲ್ಲೇ ಡಾಕ್ಟರುಗಳು ಇದನ್ನು ಕರೆಯುತ್ತಾರೆ. ಎಷ್ಟೋ ಜನಕ್ಕೆ ಹೀಗಾಗುತ್ತದೆ, ಹೇಳಿಕೊಳ್ಳುವುದಿಲ್ಲ, ನಿಮ್ಮ ಮಗ ಅಂದುಕೊಳ್ಳುತ್ತಾನೆ ಅಂದಿರಲ್ಲ, ಅದೇ ಭಯಕ್ಕೆ.

ಕಾಣುತ್ತಿರುವುದು ನಿಜವಲ್ಲ ಅಂತ ಅವರಿಗೇ ಗೊತ್ತಿದೆ, ಅದಕ್ಕೇ ನಕ್ಕರು. ಆ ಕೂತವರು ಮಾತಾಡುವುದಿಲ್ಲ, ಸದ್ದಿಲ್ಲ. ಕಂಡಾಗ ಲೈಟು ಹಾಕಿ, ಇಲ್ಲಾ ಕಣ್ಣನ್ನು ಎಡಕ್ಕೆ ಬಲಕ್ಕೆ ಬೇಗ ಬೇಗ ಹೊರಳಿಸಲು ಹೇಳಿ, ಎದ್ದು ಜಾಗ ಬದಲಾಯಿಸಲಿ, ಬಹಳ ಸಲ ಅಳಿಸಿಹೋಗುತ್ತದೆ. ಹಾಗಂತ ಡಾಕ್ಟರಿಗೆ ಹೇಳದೆ ಇರಬೇಡಿ. ಶುಗರ್ ಇಳಿದಾಗ, ಹೊಸ ಮಾತ್ರೆ ಶುರುವಾದಾಗ, ಜ್ವರ, ಸೋಂಕು ಇದ್ದಾಗಲೂ ಏನೇನೋ ಕಾಣುವುದುಂಟು. ಅದನ್ನು ಡಾಕ್ಟರೇ ವಿಂಗಡಿಸಬೇಕು. ದನಿ ಕೇಳಿಸುತ್ತದೆ ಅಂದರೆ, ತಾನು ಎಲ್ಲಿದ್ದೇನೆ ಅಂತಲೇ ಗೊತ್ತಾಗದಿದ್ದರೆ ಅದು ಬೇರೆ ಸಮಸ್ಯೆ, ತಡ ಮಾಡದೆ ಕರೆದುಕೊಂಡು ಹೋಗಿ. ತಾಯಿತ ಕಟ್ಟಿದರೆ ನಷ್ಟವೇನಿಲ್ಲ, ಕಟ್ಟಿಸಿದೆ ಅಂತ ಔಷಧಿ ಬಿಡಬಾರದು ಅಷ್ಟೇ.

ಇನ್ನು ನಿಮ್ಮ ನಿದ್ದೆ. ವಾರಕ್ಕೆ ಎರಡು ರಾತ್ರಿ ಮಗ ಬಂದು ಗಾಡಿಯಲ್ಲಿ ಮಲಗಲಿ, ನೀವು ಅಕ್ಕನ ಮನೆಯಲ್ಲೋ ತಂಗಿಯ ಮನೆಯಲ್ಲೋ ಮಲಗಿ. ಫ್ಲ್ಯಾಟಿಗೆ ಬನ್ನಿ ಅಂತ ಫೋನ್ ಮಾಡುವವನು ಇಷ್ಟು ಮಾಡಬಹುದು. ನಿಮಗೆ ಕಾರಿನ ಲೈಸೆನ್ಸ್ ಇದ್ದರೆ ಇನ್ನೊಂದು ಮಾತು. ಅದರಲ್ಲಿ ಬರೆದಿರುವ ಎಲ್‌ಎಂವಿ (ಲೈಟ್ ಮೋಟರ್ ವೆಹಿಕಲ್) ಅಂದರೆ 7,500 ಕೆ.ಜಿ. ಒಳಗಿನ ಗಾಡಿ. ನಿಮ್ಮ ಟ್ರಾವೆಲರ್ ತೂಕ ಆರ್‌ಸಿಯಲ್ಲಿ ನೋಡಿ, ಅಷ್ಟರೊಳಗೇ ಇರುತ್ತದೆ. ಅಂದರೆ ಸೈಟಿನೊಳಗೆ ಹಿಂದೆ ಮುಂದೆ ಮಾಡುವುದನ್ನು ನೀವೇ ಕಲಿಯಬಹುದು. ಪಕ್ಕದಲ್ಲಿ ಕೂತು ಸದ್ದಿನ ಮೇಲೇ ನಿಮ್ಮ ಗೇರ್ ತಪ್ಪು ಕಂಡುಹಿಡಿಯುತ್ತಾರೆ ನಿಮ್ಮವರು, ಅವರಿಗೂ ಹೊತ್ತು ಹೋಗುತ್ತದೆ.

ಪ್ರಶ್ನೆ: 34 ವರ್ಷ, ಬೆಂಗಳೂರಿನಲ್ಲಿ ಐಟಿ ಕೆಲಸ, ಅರ್ಧ ವರ್ಷ ಕ್ಯಾಂಪರ್ ವ್ಯಾನಿನಿಂದಲೇ ವರ್ಕ್ ಫ್ರಮ್ ಹೋಮ್. ಮಂಗಳೂರಿನಲ್ಲಿದ್ದಾಗ ರೆಟಿನಾ ಕಳಚಿ ಅಲ್ಲೇ ಆಪರೇಷನ್ ಆಯಿತು. ಕಣ್ಣೊಳಗೆ ಗ್ಯಾಸ್ ತುಂಬಿದ್ದಾರೆ, ವಿಮಾನ ಹತ್ತಬೇಡಿ ಅಂದರು. ಫ್ರೆಂಡ್ ವ್ಯಾನ್ ಓಡಿಸುತ್ತಾನೆ, ಶಿರಾಡಿ ಘಾಟಿ ಮೇಲೆ ನಿಧಾನವಾಗಿ ಬಂದುಬಿಡಲಾ?

ಉತ್ತರ: ಬೇಡ. ನಿಧಾನವಾಗಿಯೂ ಬೇಡ, ಮಲಗಿಕೊಂಡೂ ಬೇಡ. ವಿಮಾನ ಬೇಡ ಅಂದದ್ದು ಎತ್ತರದ ಕಾರಣಕ್ಕೆ. ಘಾಟಿಯೂ ಎತ್ತರವೇ. ಮಂಗಳೂರು ಸಮುದ್ರ ಮಟ್ಟ, ಬೆಂಗಳೂರು ಸುಮಾರು 900 ಮೀಟರ್ ಮೇಲೆ. ಅಷ್ಟು ಹತ್ತಿದರೆ ಹೊರಗಿನ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಇಳಿಯುತ್ತದೆ, ಕಣ್ಣೊಳಗಿನ ಗುಳ್ಳೆ ಅದಕ್ಕೆ ತಕ್ಕ ಹಾಗೆ ಹಿಗ್ಗುತ್ತದೆ. ಕಣ್ಣುಗುಡ್ಡೆ ಹಿಗ್ಗುವ ಬಲೂನಲ್ಲ. ಒಳಗಿನ ಒತ್ತಡ ಏರಿ, ಸಹಿಸಲಾಗದ ನೋವು ಬಂದು, ರೆಟಿನಾಕ್ಕೆ ರಕ್ತ ಹೋಗುವುದೇ ನಿಲ್ಲಬಹುದು. ಆಗ ತಾತ್ಕಾಲಿಕವಾಗಿದ್ದದ್ದು ಶಾಶ್ವತ ಆಗಿಬಿಡುತ್ತದೆ. ಚಾರ್ಮಾಡಿ, ಸಂಪಾಜೆ, ಆಗುಂಬೆ ಯಾವುದಾದರೂ ಅಷ್ಟೇ. ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ ಹತ್ತುವ ರೈಲೂ ಅಷ್ಟೇ.

ಯಾವ ಗ್ಯಾಸ್ ಅಂತ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಎಸ್‌ಎಫ್‌6 ಆದರೆ ಸುಮಾರು ಎರಡು ವಾರದಲ್ಲಿ ಕರಗುತ್ತದೆ, ಸಿ3ಎಫ್‌8 ಆದರೆ ಆರರಿಂದ ಎಂಟು ವಾರ. ಕರಗುವುದು ನಿಮಗೇ ಕಾಣುತ್ತದೆ, ನೋಟದೊಳಗೆ ಒಂದು ಅಡ್ಡ ಗೆರೆ ದಿನದಿನಕ್ಕೆ ಕೆಳಗಿಳಿಯುತ್ತದೆ, ತಲೆ ಅಲ್ಲಾಡಿಸಿದರೆ ತುಳುಕುತ್ತದೆ. ವ್ಯಾನ್ ಸಮ ನಿಂತಿದೆಯಾ ಅಂತ ನೋಡಲು ನೀವು ರಸಮಟ್ಟ ಇಡುತ್ತೀರಲ್ಲ, ಹಾಗೆ. ಗೆರೆ ಹೋಗಿ ಸಣ್ಣ ಗುಳ್ಳೆ ಉಳಿದರೂ ಹೊರಡಲು ಅನುಮತಿ ಕೊಡಬೇಕಾದವರು ನೋಡಿ ಪರೀಕ್ಷೆ ಮಾಡಿದ ಡಾಕ್ಟರು, ನೀವಲ್ಲ, ನಾವೂ ಅಲ್ಲ. ಅಲ್ಲಿಯವರೆಗೆ ಬೇರೆ ಯಾವುದಕ್ಕಾದರೂ ಅರಿವಳಿಕೆ ಕೊಡುವ ಸಂದರ್ಭ ಬಂದರೆ ಕಣ್ಣಲ್ಲಿ ಗ್ಯಾಸ್ ಇದೆ ಅಂತ ಮೊದಲೇ ಹೇಳಬೇಕು, ನೈಟ್ರಸ್ ಆಕ್ಸೈಡ್ ಕೊಟ್ಟರೂ ಗುಳ್ಳೆ ಹಿಗ್ಗುತ್ತದೆ. ಫೋನಿನ ಕವರ್ ಒಳಗೆ ಚೀಟಿ ಇಟ್ಟುಕೊಳ್ಳಿ.

ಬೋರಲು ಮಲಗಿ ಅಂದಿದ್ದರೆ ವ್ಯಾನಿನ ಊಟದ ಮೇಜು ಉಪಯೋಗಕ್ಕೆ ಬರುತ್ತದೆ. ಮೇಜಿನ ಮೇಲೆ ದಿಂಬು, ದಿಂಬಿನ ಮೇಲೆ ಹಣೆ, ಕೆಳಗೆ ತೊಡೆ ಮೇಲೆ ಫೋನಿನಲ್ಲಿ ಏನಾದರೂ ಕೇಳುತ್ತಾ ಕೂರಬಹುದು. ಅಂಗಾತ ಮಾತ್ರ ಮಲಗಬೇಡಿ. ಮಂಗಳೂರಿನ ಸೆಕೆಯಲ್ಲಿ ವ್ಯಾನಿನೊಳಗೆ ಇದು ಶಿಕ್ಷೆಯೇ, ಒಪ್ಪುತ್ತೇವೆ. ಎಸಿ ಇರುವ ರೂಮು ಮಾಡುವ ಶಕ್ತಿ ಇದ್ದರೆ ಮಾಡಿ. ಆಫೀಸಿಗೆ ಹೇಳಿಬಿಡಿ, ಘಾಟಿ ಹತ್ತಲು ಆಗದ ಕಾಯಿಲೆ ಅಂತ. ನಂಬುವುದಿಲ್ಲ, ಡಾಕ್ಟರ ಚೀಟಿ ತೋರಿಸಿ. ಬಂದ ಮೇಲೂ ಒಂದು ಮಾತು, ಭಾನುವಾರ ಬೆಳಗ್ಗೆ ನಂದಿ ಬೆಟ್ಟ ಅಂತ ಹೊರಡುವ ಮೊದಲು ಕೇಳಿ, ಅದು 1,478 ಮೀಟರ್.

ಪ್ರಶ್ನೆ: ವಯಸ್ಸು 58. ಮೊನ್ನೆ ತುಮಕೂರು ರಸ್ತೆಯಲ್ಲಿ ಗಾಡಿ ಓಡಿಸುವಾಗ ಎಡಗಣ್ಣಿಗೆ ಮೇಲಿಂದ ಪರದೆ ಇಳಿದ ಹಾಗಾಗಿ ಕತ್ತಲಾಯಿತು. ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಹತ್ತು ನಿಮಿಷದಲ್ಲಿ ಪೂರ್ತಿ ಸರಿಹೋಯಿತು. ನೋವಿಲ್ಲ. ಗ್ಯಾಸ್ಟ್ರಿಕ್ ಇರಬಹುದಾ?

ಉತ್ತರ: ನೀವು ಪತ್ರದಲ್ಲಿ ನಂಬರ್ ಕೊಟ್ಟಿದ್ದರಿಂದ ಬಂದ ದಿನವೇ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ ಅಂದೆವು. ಇಲ್ಲಿ ಹಾಕುತ್ತಿರುವುದು ಉಳಿದವರಿಗಾಗಿ. ಗ್ಯಾಸ್ಟ್ರಿಕ್‌ಗೆ ಕಣ್ಣು ಕತ್ತಲಾಗುವುದಿಲ್ಲ. ಕುತ್ತಿಗೆಯ ರಕ್ತನಾಳದಿಂದ ಸಣ್ಣ ಚೂರು ಹೋಗಿ ಕಣ್ಣಿನ ರಕ್ತನಾಳಕ್ಕೆ ಸಿಕ್ಕಿಕೊಂಡು, ಕರಗಿ ಮುಂದೆ ಹೋದರೆ ಹೀಗಾಗುತ್ತದೆ. ಮುಂದಿನ ಚೂರು ಮೆದುಳಿಗೆ ಹೋದರೆ ಅದು ಪಾರ್ಶ್ವವಾಯು. ಕಣ್ಣು ಸರಿಹೋಯಿತಲ್ಲ ಅಂತ ಬಿಡುವಂತಿಲ್ಲ, ಅವತ್ತೇ ತೋರಿಸಬೇಕು. ಐವತ್ತು ದಾಟಿದವರಿಗೆ ಜೊತೆಗೆ ಹಣೆಯ ಪಕ್ಕ, ಕಣ್ಣಿಗೂ ಕಿವಿಗೂ ನಡುವೆ ನೋವು, ಅಗಿಯುವಾಗ ದವಡೆ ನೋವು ಇದ್ದರೆ ಅದು ಇನ್ನೊಂದು ಕಾಯಿಲೆ, ಅದೂ ಅಷ್ಟೇ ತುರ್ತು, ತಡವಾದರೆ ಇನ್ನೊಂದು ಕಣ್ಣೂ ಹೋಗಬಹುದು. ಮೈಗ್ರೇನ್‌ನಲ್ಲೂ ನೋಟ ಕೆಲ ಹೊತ್ತು ಕೆಡುತ್ತದೆ, ಅದು ಮೈಗ್ರೇನೇ ಅಂತ ಪರೀಕ್ಷೆ ಮಾಡಿದವರು ಹೇಳಲಿ. ಮುಖ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ. ಡಾಕ್ಟರು ಸರಿ ಅನ್ನುವವರೆಗೆ ಸ್ಟೇರಿಂಗ್ ಮುಟ್ಟಬೇಡಿ. ಗಾಡಿಯನ್ನು ಇನ್ಯಾರಾದರೂ ಹೋಗಿ ತರಲಿ.